ತೂಬೆತ್ತುವ ಅಣುಗಳು: ಸಸ್ಯ ಹಾರ್ಮೋನುಗಳ ರಸಾಯನ ಮತ್ತು ನಮ್ಮ ಬೆಳೆಗಳು

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಗೊಬ್ಬರದ ಅಂಗಡಿಗೆ ಹೋದರೆ ಈಗ ಒಂದು ಕಪಾಟು ಪೂರ್ತಿ ಟಾನಿಕ್‌ಗಳದ್ದೇ ಇರುತ್ತದೆ. ಹೂ ನಿಲ್ಲುವುದಕ್ಕೆ ಒಂದು, ಕಾಯಿ ಕಚ್ಚುವುದಕ್ಕೆ ಒಂದು, ಗಾತ್ರಕ್ಕೆ ಒಂದು, ಬಣ್ಣಕ್ಕೆ ಇನ್ನೊಂದು. ಆ ಬಾಟಲಿಗಳಲ್ಲಿ ಕೆಲವುಗಳಲ್ಲಿ ಇರುವುದು ಸಸ್ಯ ಹಾರ್ಮೋನು, ಇಲ್ಲವೇ ಅದನ್ನು ಹೋಲುವಂತೆ ಕಾರ್ಖಾನೆಯಲ್ಲಿ ಮಾಡಿದ ರಾಸಾಯನಿಕ. ಟಾನಿಕ್ ಎಂದ ಮೇಲೆ, ತುಸು ಜಾಸ್ತಿ ಹಾಕಿದರೆ ತುಸು ಜಾಸ್ತಿ ಒಳ್ಳೆಯದಾದೀತು ಎಂಬ ನಂಬಿಕೆ ತಾನಾಗಿಯೇ ಬಂದುಬಿಡುತ್ತದೆ. ಈ ನಂಬಿಕೆಯಿಂದ ಎಷ್ಟೋ ತೋಟಗಳು ಕೆಟ್ಟಿವೆ. ಹಾಗಾಗಿ ಇವತ್ತಿನ ಮಾತಿಗೆ ಈ ವಿಷಯವನ್ನೇ ಆರಿಸಿಕೊಂಡೆ. ಹಾರ್ಮೋನು ಗಿಡದಲ್ಲಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಅದರ ರಸಾಯನದ ಮೂಲಕವೇ ನೋಡೋಣ.

ಗಿಡಕ್ಕೆ ನರವಿಲ್ಲ, ಹೃದಯವಿಲ್ಲ, ನಮಗಿರುವಂಥ ಗ್ರಂಥಿಗಳಿಲ್ಲ. ಆದರೂ ತುದಿಯ ಕುಡಿಗೆ ಬೆಳಕು ಬಿದ್ದದ್ದು ಕೆಳಗಿನ ಕಾಂಡಕ್ಕೆ ತಿಳಿಯುತ್ತದೆ. ಬೇರಿಗೆ ನೀರು ಸಾಲದಾದದ್ದು ಎಲೆಗೆ ತಿಳಿಯುತ್ತದೆ. ಈ ಸುದ್ದಿಯನ್ನು ಒಯ್ಯುವವು ಸಣ್ಣ ಅಣುಗಳು. ಗಿಡ ತಾನೇ ಅವನ್ನು ತಯಾರಿಸುತ್ತದೆ, ಅದೂ ಬಹಳ ಕಡಿಮೆ ಪ್ರಮಾಣದಲ್ಲಿ. ಯೂರಿಯಾವನ್ನು ನಾವು ಎಕರೆಗೆ ಕಿಲೋಗಳಲ್ಲಿ ಅಳೆಯುತ್ತೇವೆ, ಹಾರ್ಮೋನನ್ನು ಗ್ರಾಂಗಳಲ್ಲಿ. ಈ ಅಂತರವೇ ಹೇಳುತ್ತದೆ, ಹಾರ್ಮೋನು ಆಹಾರವಲ್ಲ ಎಂದು.

ನಮ್ಮ ಹಳ್ಳಿಗಳ ನೀರಗಂಟಿಯನ್ನು ನೆನಪಿಸಿಕೊಳ್ಳಿ. ಅವನು ತೂಬು ಎತ್ತಿದರೆ ಗದ್ದೆಗೆ ನೀರು ಹರಿಯುತ್ತದೆ. ಆ ನೀರನ್ನು ಹುಟ್ಟಿಸಿದವನು ಅವನಲ್ಲ. ಅದು ಕೆರೆಯಲ್ಲಿ ಮೊದಲೇ ನಿಂತಿತ್ತು. ಎಷ್ಟು ಹೊತ್ತು ಬಿಡಬೇಕು, ಯಾವ ಕಾಲುವೆಗೆ ಬಿಡಬೇಕು ಎಂಬುದು ಅವನ ಕೆಲಸ. ಕೆರೆ ಬರಿದಾಗಿದ್ದರೆ ತೂಬು ಎತ್ತಿ ಫಲವಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಎತ್ತಿದರೆ ಪೈರೇ ಕೊಳೆಯುತ್ತದೆ. ಹಾರ್ಮೋನಿನ ಕೆಲಸವೂ ಇಷ್ಟೇ. ಕಳೆದ ಇಪ್ಪತ್ತು ಮೂವತ್ತು ವರ್ಷಗಳ ಸಂಶೋಧನೆ ಜೀವಕೋಶದ ಒಳಗೇ ಇದನ್ನು ಸಾಬೀತು ಮಾಡಿದೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

* * *

ಕಥೆ ಶುರುವಾಗುವುದು ಚಾರ್ಲ್ಸ್ ಡಾರ್ವಿನ್‌ನಿಂದ. ವಿಕಾಸವಾದದ ಡಾರ್ವಿನ್ ಅಂತ ಎಲ್ಲರಿಗೂ ಗೊತ್ತು, ಆದರೆ ಕೊನೆಗಾಲದಲ್ಲಿ ಆತ ಮಗ ಫ್ರಾನ್ಸಿಸ್ ಜೊತೆ ಸೇರಿ ಗಿಡಗಳ ಚಲನೆಯನ್ನು ಅಭ್ಯಾಸ ಮಾಡಿದ. 1880ರಲ್ಲಿ ಅದರ ಪುಸ್ತಕ ಬಂತು. ಅವರು ಆರಿಸಿಕೊಂಡದ್ದು ಕೆನರಿ ಹುಲ್ಲಿನ ಮೊಳಕೆ. ಹುಲ್ಲಿನ ಜಾತಿಯ ಯಾವುದೇ ಬೀಜ ಮೊಳೆಯುವಾಗ ಮೊದಲ ಎಲೆಯನ್ನು ಮುಚ್ಚಿಕೊಂಡು ಒಂದು ಚೂಪಾದ ಕವಚ ಮೇಲೆ ಬರುತ್ತದೆ. ಒಂದು ಪಕ್ಕದಿಂದ ಬೆಳಕು ಬಿಟ್ಟರೆ ಆ ಕವಚ ಬೆಳಕಿನ ಕಡೆ ಬಾಗುತ್ತದೆ. ತುದಿಯನ್ನು ಮುಚ್ಚಿದರೆ ಬಾಗುವುದಿಲ್ಲ. ತುದಿಯನ್ನು ಬಿಟ್ಟು ಕೆಳಗಿನ ಭಾಗವನ್ನು ಮುಚ್ಚಿದರೆ ಎಂದಿನಂತೆ ಬಾಗುತ್ತದೆ. ಎಂದರೆ ಬೆಳಕನ್ನು ಕಾಣುವುದು ತುದಿ, ಬಾಗುವುದು ಕೆಳಗಿನ ಭಾಗ. ನಡುವೆ ಏನೋ ಒಂದು ಹರಿದು ಬರಬೇಕು.

ಆ 'ಏನೋ' ಒಂದು ವಸ್ತುವೇ ಹೌದು ಎಂದು ತೋರಿಸಲು ಸುಮಾರು ಐವತ್ತು ವರ್ಷ ಹಿಡಿಯಿತು. ಡೆನ್ಮಾರ್ಕಿನ ಬಾಯ್ಸೆನ್-ಯೆನ್ಸೆನ್ ಕತ್ತರಿಸಿದ ತುದಿಗೂ ಬುಡಕ್ಕೂ ನಡುವೆ ಜೆಲಾಟಿನ್ ಇಟ್ಟ, ಸುದ್ದಿ ದಾಟಿತು. ನೆರಳಿನ ಬದಿಗೆ ಮೈಕಾ ಚೂರು ತೂರಿಸಿದ; ದಾಟಲಿಲ್ಲ. 1926ರ ಹೊತ್ತಿಗೆ ಹಾಲೆಂಡಿನ ಉಟ್ರೆಕ್ಟ್‌ನಲ್ಲಿ ಫ್ರಿಟ್ಸ್ ವೆಂಟ್ ಎಂಬ ತರುಣ ಓಟ್ಸ್ ಮೊಳಕೆಯ ತುದಿಗಳನ್ನು ಕತ್ತರಿಸಿ ಅಗಾರ್ ತುಂಡಿನ ಮೇಲೆ ಕೂರಿಸಿದ. ಕೆಲವು ಗಂಟೆಗಳ ನಂತರ ತುದಿಗಳನ್ನು ಎಸೆದು, ಬರೀ ಅಗಾರ್ ತುಂಡನ್ನು ತುದಿಯಿಲ್ಲದ ಮೊಳಕೆಯ ಒಂದು ಪಕ್ಕಕ್ಕೆ ಇಟ್ಟ. ಕತ್ತಲಲ್ಲೇ ಮೊಳಕೆ ಬಾಗಿತು. ಅಷ್ಟೇ ಅಲ್ಲ, ಅಗಾರ್‌ಗೆ ಇಳಿದ ವಸ್ತು ಹೆಚ್ಚಿದ್ದಷ್ಟೂ, ಒಂದು ಮಿತಿಯವರೆಗೆ, ಬಾಗಿದ ಕೋನ ಹೆಚ್ಚಿತು. ಕಣ್ಣಿಗೆ ಕಾಣದ ವಸ್ತುವನ್ನು ಕೋನಮಾಪಕದಿಂದ ಅಳೆದ ಆ ಪ್ರಯೋಗವನ್ನು ನಾನು ವಿದ್ಯಾರ್ಥಿಗಳಿಗೆ ಯಾವಾಗಲೂ ಮೊದಲು ಹೇಳುತ್ತೇನೆ. ಬೇಕಾದದ್ದು ಬ್ಲೇಡು, ಅಗಾರ್, ಕತ್ತಲ ಕೋಣೆ ಮತ್ತು ತಾಳ್ಮೆ.

ಆ ವಸ್ತುವಿಗೆ ಆಕ್ಸಿನ್ ಎಂದು ಹೆಸರಾಯಿತು. ಅದು ರಾಸಾಯನಿಕವಾಗಿ ಏನು ಎಂಬ ಹುಡುಕಾಟ ಮಾತ್ರ ವಿಚಿತ್ರ ದಾರಿ ಹಿಡಿಯಿತು. ಉಟ್ರೆಕ್ಟ್‌ನ ರಸಾಯನ ತಜ್ಞ ಕ್ಯೋಗ್ಲ್ ಮತ್ತು ಸಂಗಡಿಗರು ಮನುಷ್ಯರ ಮೂತ್ರವೇ ಮೊದಲಾದವುಗಳಿಂದ ಸಕ್ರಿಯ ವಸ್ತುಗಳನ್ನು ಬೇರ್ಪಡಿಸಿ ಮೊದಲೆರಡಕ್ಕೆ ಆಕ್ಸಿನ್-ಎ, ಆಕ್ಸಿನ್-ಬಿ ಎಂದು ಹೆಸರಿಟ್ಟರು. 1934ರಲ್ಲಿ ಮೂರನೆಯದೊಂದು ಸಿಕ್ಕಿತು: ಇಂಡೋಲ್ ಅಸಿಟಿಕ್ ಆಮ್ಲ, ಚಿಕ್ಕದಾಗಿ ಐಎಎ. ಎ ಮತ್ತು ಬಿ ಮತ್ತೆ ಯಾರ ಕೈಗೂ ಸಿಗಲಿಲ್ಲ. 1966ರಲ್ಲಿ ಕಾಪಿಟ್ಟಿದ್ದ ಹಳೆಯ ಮಾದರಿಗಳನ್ನು ಪರೀಕ್ಷಿಸಿದಾಗ ಅವು ಹೇಳಿದ ವಸ್ತುಗಳೇ ಆಗಿರಲಿಲ್ಲ. ಅಷ್ಟಾಗಿ ಲೆಕ್ಕಕ್ಕೆ ಬಾರದಿದ್ದ ಮೂರನೆಯದೇ ಗಿಡಗಳ ಪ್ರಮುಖ ಆಕ್ಸಿನ್ ಆಗಿ ಉಳಿಯಿತು.

ಐಎಎ ಅಣು ಸರಳ. ಹತ್ತು ಇಂಗಾಲ, ಒಂಬತ್ತು ಜಲಜನಕ, ಒಂದು ಸಾರಜನಕ, ಎರಡು ಆಮ್ಲಜನಕ. ನಾವು ತಿನ್ನುವ ಬೇಳೆ, ಹಾಲಿನಲ್ಲಿರುವ ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲದಿಂದ ಗಿಡ ಇದನ್ನು ಮುಖ್ಯವಾಗಿ ಎರಡೇ ಹೆಜ್ಜೆಯಲ್ಲಿ ಮಾಡಿಕೊಳ್ಳುತ್ತದೆ. ಇದರ ಬಾಲದಲ್ಲಿರುವ ಕಾರ್ಬಾಕ್ಸಿಲ್ ಗುಂಪನ್ನು ದಯವಿಟ್ಟು ಗಮನಿಸಿ. ಇದು ದುರ್ಬಲ ಆಮ್ಲ. ಪರಿಸರ ಹುಳಿಯಾಗಿದ್ದರೆ ತನ್ನ ಜಲಜನಕವನ್ನು ಹಿಡಿದುಕೊಂಡು ವಿದ್ಯುದಂಶವಿಲ್ಲದೆ ಇರುತ್ತದೆ. ಇಲ್ಲದಿದ್ದರೆ ಅದನ್ನು ಬಿಟ್ಟುಕೊಟ್ಟು ಋಣ ವಿದ್ಯುದಂಶ ಪಡೆಯುತ್ತದೆ. ವಿದ್ಯುದಂಶವಿಲ್ಲದ ಅಣು ಜೀವಕೋಶದ ಕೊಬ್ಬಿನ ಪೊರೆಯನ್ನು ದಾಟಬಲ್ಲದು, ಅಯಾನಾದದ್ದು ದಾಟಲಾರದು.

ಜೀವಕೋಶದ ಹೊರಗೋಡೆಯಲ್ಲಿ ರಸಸಾರ ಸುಮಾರು 5.5, ಒಳಗೆ ಸುಮಾರು 7. ಗೋಡೆಯಲ್ಲಿ ನೂರಕ್ಕೆ ಸುಮಾರು 15 ಅಣುಗಳು ದಾಟುವ ಸ್ಥಿತಿಯಲ್ಲಿರುತ್ತವೆ; ಒಳಹೊಕ್ಕ ಮೇಲೆ ನೂರಕ್ಕೆ ಒಂದೂ ಹಾಗೆ ಉಳಿಯುವುದಿಲ್ಲ. ಹೀಗೆ ಒಳಗೆ ಸಿಕ್ಕಿಬಿದ್ದ ಆಕ್ಸಿನ್‌ಗೆ ಹೊರಹೋಗಲು ಇರುವ ದಾರಿ 'ಪಿನ್' ಎಂಬ ಪ್ರೋಟೀನುಗಳ ಬಾಗಿಲು. ಕಾಂಡದಲ್ಲಿ ಆ ಬಾಗಿಲುಗಳು ಕೋಶದ ಬುಡದ ಬದಿಗೇ ಇರುತ್ತವೆ. ಆದ್ದರಿಂದ ಆಕ್ಸಿನ್ ಕೋಶದಿಂದ ಕೋಶಕ್ಕೆ ಕೆಳಮುಖವಾಗಿಯೇ, ಗಂಟೆಗೆ ಸುಮಾರು ಒಂದು ಸೆಂಟಿಮೀಟರಿನಂತೆ ಇಳಿಯುತ್ತದೆ. ಕಾಂಡವನ್ನು ಕತ್ತರಿಸಿ ತಲೆಕೆಳಗಾಗಿ ಹಿಡಿದರೂ ಅದು ಸಾಗುವುದು ಮೂಲದ ಬುಡದ ಕಡೆಗೇ. ಈ ವಿವರಣೆಯ ಮೂಲ ತರ್ಕವನ್ನು 1974-75ರಲ್ಲಿ ರೂಬರಿ, ಶೆಲ್ಡ್ರೇಕ್ ಮತ್ತು ರೇವನ್ ಮುಂದಿಟ್ಟರು. ಬರೀ ರಸಸಾರದ ವ್ಯತ್ಯಾಸದಿಂದ ಗಿಡಕ್ಕೆ ಮೇಲು-ಕೆಳಗಿನ ಅರಿವು ಒದಗುತ್ತದೆ ಎಂಬುದು ನನಗೆ ಇವತ್ತಿಗೂ ಸೋಜಿಗ. ಈ ದುರ್ಬಲ ಆಮ್ಲದ ಗುಣ ನಮ್ಮ ಸ್ಪ್ರೇ ಟ್ಯಾಂಕಿನ ಬಳಿ ಮತ್ತೆ ಎದುರಾಗಲಿದೆ.

ಕಲಬುರಗಿಯ ಕಡೆ ತೊಗರಿಯ ಕುಡಿ ಚಿವುಟುವುದನ್ನು ನೀವು ನೋಡಿದ್ದೀರಿ. ಕುಡಿ ಇರುವತನಕ ಅದರಿಂದ ಇಳಿಯುವ ಆಕ್ಸಿನ್ ಪಕ್ಕದ ಮೊಗ್ಗುಗಳನ್ನು ಸುಮ್ಮನಿರಿಸುತ್ತದೆ. ಚಿವುಟಿದರೆ ಪಕ್ಕದ ಕವಲುಗಳು ಒಡೆಯುತ್ತವೆ, ಕವಲು ಹೆಚ್ಚಿದಷ್ಟು ಹೂವಿಗೆ ಜಾಗ ಹೆಚ್ಚುತ್ತದೆ. ಕುಡಿ ಕಡಿದ ಗಾಯಕ್ಕೆ ಆಕ್ಸಿನ್ ಹಚ್ಚಿದರೆ ಮೊಗ್ಗುಗಳು ಮತ್ತೆ ಸುಮ್ಮನಾಗುತ್ತವೆ ಎಂದು ಥೀಮನ್ ಮತ್ತು ಸ್ಕೂಗ್ 1930ರ ದಶಕದಲ್ಲೇ ತೋರಿಸಿದರು. ಇಲ್ಲೊಂದು ಪ್ರಶ್ನೆ ಏಳಬೇಕು. ಮೊಳಕೆಯನ್ನು ಉದ್ದ ಮಾಡಿದ್ದೂ ಇದೇ ಅಣು, ಮೊಗ್ಗನ್ನು ತಡೆದದ್ದೂ ಇದೇ ಅಣು. ಗಿಡವನ್ನು ಅಡ್ಡ ಮಲಗಿಸಿದರೆ ಕೆಳಬದಿಗೆ ಆಕ್ಸಿನ್ ಜಾಸ್ತಿ ಸೇರುತ್ತದೆ. ಕಾಂಡದ ಕೆಳಬದಿ ಉದ್ದವಾಗಿ ತುದಿ ಮೇಲೇಳುತ್ತದೆ, ಬೇರಿನಲ್ಲಿ ಅದೇ ಹೆಚ್ಚಳ ಬೆಳವಣಿಗೆಯನ್ನು ತಗ್ಗಿಸಿ ತುದಿಯನ್ನು ಕೆಳಗಿಳಿಸುತ್ತದೆ. ಹಾಗಾದರೆ ಆಕ್ಸಿನ್ ಬೆಳೆಸುವ ವಸ್ತುವೋ, ತಡೆಯುವ ವಸ್ತುವೋ? ಎರಡೂ ಅಲ್ಲ. ಅರ್ಥ ಕಟ್ಟುವುದು ಅದನ್ನು ಪಡೆದುಕೊಳ್ಳುವ ಅಂಗ.

2005ರಲ್ಲಿ ಎರಡು ಗುಂಪುಗಳು ಆಕ್ಸಿನ್‌ನ ಗ್ರಾಹಕವನ್ನು ಒಟ್ಟಿಗೇ ಪತ್ತೆ ಮಾಡಿದವು. ಟಿಐಆರ್-1 ಎಂಬ ಆ ಪ್ರೋಟೀನಿನಲ್ಲಿ ಒಂದು ಗುಳಿ ಇದೆ. ಆಕ್ಸಿನ್ ಅಲ್ಲಿ ಕೂತಾಗ ಇನ್ನೊಂದು ಬಗೆಯ ಪ್ರೋಟೀನು ಬಂದು ಅಂಟಿಕೊಳ್ಳುತ್ತದೆ. ಆ ಇನ್ನೊಂದು ಬಗೆಯದು ಜೀನುಗಳ ಮೇಲೆ ಕೂತು ಅವನ್ನು ತಡೆದಿಟ್ಟಿದ್ದ ಕಾವಲು ಪ್ರೋಟೀನು. ಅಂಟಿಕೊಂಡ ಕೂಡಲೇ ಅದಕ್ಕೆ ನಾಶದ ಗುರುತು ಬೀಳುತ್ತದೆ, ಜೀವಕೋಶ ಅದನ್ನು ಚೂರುಚೂರು ಮಾಡುತ್ತದೆ. ತಡೆ ಹೋಯಿತು, ಜೀನುಗಳು ಕೆಲಸಕ್ಕೆ ಇಳಿದವು. ತೂಬಿನ ಮಾತು ನಾನು ಅಲಂಕಾರಕ್ಕೆ ಆಡಿದ್ದಲ್ಲ. ಅಣುಗಳ ಮಟ್ಟದಲ್ಲೂ ನಡೆಯುವುದು ತಡೆ ಎತ್ತುವ ಕೆಲಸವೇ.

ಆಕ್ಸಿನ್ ಕೂರುವ ಗುಳಿಗೆ ಅದರಂತೆಯೇ ಕಾಣುವ ಬೇರೆ ಅಣುಗಳೂ ಹೊಂದಿಕೊಳ್ಳುತ್ತವೆ. ಗೂಟಿ ಕಟ್ಟುವಾಗ ಬೇರು ಬರಿಸಲು ಹಚ್ಚುವ ಐಬಿಎ, ಹೂ ಉದುರದಿರಲಿ ಎಂದು ಸಿಂಪಡಿಸುವ ಎನ್‌ಎಎ ಆಕ್ಸಿನ್ ಬಳಗದವು. 2,4-ಡಿ ಕೂಡ. ಕ್ಲೋರಿನ್ ಹೊತ್ತ ಈ ಕೃತಕ ಅಣುವನ್ನು ಅಗಲ ಎಲೆಯ ಗಿಡಗಳು ಬೇಗ ಒಡೆದುಹಾಕಲಾರವು. ತೂಬು ತೆರೆದದ್ದು ಮುಚ್ಚುವುದೇ ಇಲ್ಲ. ಕಾಂಡ ಸುರುಳಿ ಸುತ್ತಿ, ಎಲೆ ಮುರುಟಿ, ಗಿಡ ಸಾಯುತ್ತದೆ. ಹುಲ್ಲಿನ ಜಾತಿಯ ಭತ್ತ, ಜೋಳ, ಕಬ್ಬು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಹೀಗೆ ಬೆಳವಣಿಗೆಯ ಹಾರ್ಮೋನನ್ನು ಅನುಕರಿಸುವ ವಸ್ತುವೇ ಜಗತ್ತಿನ ಅತಿ ಬಳಕೆಯ ಕಳೆನಾಶಕಗಳಲ್ಲಿ ಒಂದಾಯಿತು. ಕಬ್ಬಿನ ಹೊಲಕ್ಕೆ ಹೊಡೆದದ್ದು ಗಾಳಿಗೆ ತೇಲಿ ಪಕ್ಕದ ದ್ರಾಕ್ಷಿಗೋ ಹತ್ತಿಗೋ ಬಿದ್ದರೆ ಎಲೆ ಬೀಸಣಿಗೆಯಂತೆ ನರ ಕೂಡಿ ಕಿರಿದಾಗುತ್ತದೆ. ಅದನ್ನು ರೋಗವೆಂದು ತಿಳಿದು ಮತ್ತೊಂದು ಔಷಧಿ ಹೊಡೆಯುವವರಿದ್ದಾರೆ. ಗಾಳಿ ಬೀಸುವಾಗ ಇದನ್ನು ಹೊಡೆಯಬೇಡಿ. ಅದಕ್ಕೆ ಬಳಸಿದ ಪಂಪನ್ನು ಬೇರೆ ಬೆಳೆಗೆ ಬಳಸಬೇಡಿ.

2,4-ಡಿ ಯುದ್ಧಕ್ಕೂ ಹೋಯಿತು. ಅದನ್ನೂ 2,4,5-ಟಿ ಎಂಬ ಅದರ ಸೋದರ ವಸ್ತುವನ್ನೂ ಅರ್ಧಕ್ಕರ್ಧ ಬೆರೆಸಿದ ಏಜೆಂಟ್ ಆರೆಂಜ್ ಅನ್ನು ಅಮೆರಿಕದ ಸೇನೆ ವಿಯೆಟ್ನಾಮಿನ ಕಾಡು, ಗದ್ದೆಗಳ ಮೇಲೆ ವಿಮಾನದಿಂದ ಸುರಿಯಿತು. ಎಲ್ಲ ಬಗೆಯ ಸಸ್ಯನಾಶಕಗಳೂ ಸೇರಿ ಸುರಿದದ್ದು 7 ಕೋಟಿ ಲೀಟರಿಗೂ ಹೆಚ್ಚು. 2,4,5-ಟಿ ತಯಾರಿಸುವಾಗ ಕಲ್ಮಶವಾಗಿ ಸೇರಿದ್ದ ಡಯಾಕ್ಸಿನ್ ಅಲ್ಲಿನ ಜನರನ್ನೂ ಅಮೆರಿಕದ ಸೈನಿಕರನ್ನೂ ತಲೆಮಾರುಗಳ ತನಕ ಕಾಡಿತು. ಆರ್ಥರ್ ಗ್ಯಾಲ್ಸ್ಟನ್ ಎಂಬ ಸಸ್ಯವಿಜ್ಞಾನಿ ಯುವಕನಾಗಿದ್ದಾಗ ಸೋಯಾ ಬೇಗ ಹೂ ಬಿಡಲಿ ಎಂದು ಒಂದು ರಾಸಾಯನಿಕವನ್ನು ಅಭ್ಯಾಸ ಮಾಡಿದ್ದ. ಅದೇ ಪ್ರಮಾಣ ಹೆಚ್ಚಾದಾಗ ಎಲೆ ಉದುರುವುದನ್ನೂ ಬರೆದಿಟ್ಟಿದ್ದ. ಎಲೆ ಉದುರಿಸುವ ಆ ಅರಿವು ಸೇನೆಯ ಕೈ ಸೇರಿದ್ದನ್ನು ಕಂಡು ಆತ ಸುಮ್ಮನೆ ಕೂರಲಿಲ್ಲ. ಸಹವಿಜ್ಞಾನಿಗಳೊಡನೆ ಸರ್ಕಾರದ ಮೇಲೆ ಒತ್ತಡ ತಂದ. 1971ರ ಹೊತ್ತಿಗೆ ಸಿಂಪರಣೆ ನಿಂತಿತು. ಸಸ್ಯವಿಜ್ಞಾನ ಓದುವ ಮಕ್ಕಳು ಈ ಹೆಸರನ್ನು ತಿಳಿದಿರಬೇಕು.

* * *

ಈಗ ಜಿಬ್ಬರೆಲಿನ್. ನಮ್ಮ ರೈತರ ಬಾಯಲ್ಲಿ 'ಜಿಎ'.

ಜಪಾನಿನ ಭತ್ತದ ಗದ್ದೆಗಳಲ್ಲಿ ಒಂದು ರೋಗವಿತ್ತು. ಕೆಲವು ಸಸಿಗಳು ಉಳಿದವಕ್ಕಿಂತ ಎತ್ತರಕ್ಕೆ, ಪೇಲವವಾಗಿ, ಸಪೂರವಾಗಿ ಬೆಳೆದು ಕಾಳು ಕಟ್ಟದೆ ಸಾಯುತ್ತಿದ್ದವು. ಅಲ್ಲಿಯ ರೈತರು ಅದನ್ನು ಪೆದ್ದು ಸಸಿ ಎನ್ನುತ್ತಿದ್ದರು. ಆಗ ಜಪಾನಿನ ಆಳ್ವಿಕೆಯಲ್ಲಿದ್ದ ತೈವಾನಿನಲ್ಲಿ ಕೆಲಸ ಮಾಡುತ್ತಿದ್ದ ಎಯಿಚಿ ಕುರೊಸಾವ 1926ರಲ್ಲಿ, ರೋಗ ತರುವ ಶಿಲೀಂಧ್ರವನ್ನು ಬೆಳೆಸಿದ ದ್ರವವನ್ನು ಸೋಸಿ, ಶಿಲೀಂಧ್ರವೇ ಇಲ್ಲದ ಆ ದ್ರವವನ್ನು ಆರೋಗ್ಯವಂತ ಸಸಿಗಳಿಗೆ ಕೊಟ್ಟ. ಅವೂ ಹಾಗೇ ಎತ್ತರ ಬೆಳೆದವು. 1930ರ ದಶಕದಲ್ಲಿ ಟೋಕಿಯೋದ ಯಾಬುಟ ಆ ದ್ರವದಲ್ಲಿದ್ದ ವಸ್ತುವಿಗೆ ಜಿಬ್ಬರೆಲಿನ್ ಎಂದು ಹೆಸರಿಟ್ಟು, ಸುಮಿಕಿಯ ಜೊತೆ 1938ರಲ್ಲಿ ಹರಳಾಗಿ ಬೇರ್ಪಡಿಸಿದರು. ಯುದ್ಧದ ಗದ್ದಲದಲ್ಲಿ ಹೊರಜಗತ್ತಿಗೆ ಇದು ಮುಟ್ಟಿದ್ದು 1950ರ ದಶಕದಲ್ಲಿ. 1958ರಲ್ಲಿ ಬೀನ್ಸ್ ಬೀಜದಿಂದಲೂ ಜಿಬ್ಬರೆಲಿನ್ ಸಿಕ್ಕಿತು. ಗಿಡವೇ ಮಿತವಾಗಿ ಮಾಡಿಕೊಳ್ಳುವ ಹಾರ್ಮೋನನ್ನು ಶಿಲೀಂಧ್ರ ಧಾರಾಳವಾಗಿ ಸುರಿದು ಗಿಡವನ್ನು ಹಾಳು ಮಾಡುತ್ತಿತ್ತು. ಹಾರ್ಮೋನು ಹೆಚ್ಚಾದರೆ ಏನಾಗುತ್ತದೆ ಎಂಬುದಕ್ಕೆ ಪ್ರಕೃತಿಯೇ ಇಟ್ಟ ಪ್ರಾತ್ಯಕ್ಷಿಕೆ ಇದು.

ಇವತ್ತು 130ಕ್ಕೂ ಹೆಚ್ಚು ಜಿಬ್ಬರೆಲಿನ್‌ಗಳು ಗೊತ್ತು. ನಿಜಕ್ಕೂ ಕೆಲಸ ಮಾಡುವವು ಬೆರಳೆಣಿಕೆಯವು. ಜಿಎ-20 ಎಂಬ ಅಣು ನಿಷ್ಕ್ರಿಯ. ಅದರ ಮೂರನೆಯ ಇಂಗಾಲಕ್ಕೆ ಒಂದೇ ಒಂದು ಆಮ್ಲಜನಕ ಸೇರಿದರೆ ಅದು ಜಿಎ-1, ಗಿಡವನ್ನು ಎತ್ತರ ಮಾಡುವ ಅಣು. ಮೆಂಡಲ್ ಮಠದ ತೋಟದಲ್ಲಿ ಬೆಳೆಸಿದ ಎತ್ತರದ ಬಟಾಣಿ, ಗಿಡ್ಡ ಬಟಾಣಿ ಗೊತ್ತಲ್ಲ? ಅವೆರಡರ ವ್ಯತ್ಯಾಸ ಇಷ್ಟೇ, ಆ ಒಂದು ಆಮ್ಲಜನಕವನ್ನು ಸೇರಿಸುವ ಕಿಣ್ವ ಚೆನ್ನಾಗಿದೆಯೋ ಕೆಟ್ಟಿದೆಯೋ ಎಂಬುದು. 1997ರಲ್ಲಿ ಆ ಜೀನು ಸಿಕ್ಕಿತು. ಹೈಸ್ಕೂಲಿನಲ್ಲಿ ನಾವೆಲ್ಲ ಬರೆದ ಮೂರಕ್ಕೆ ಒಂದರ ಅನುಪಾತದ ಹಿಂದೆ ಇದ್ದದ್ದು ಈ ರಸಾಯನ.

ಹಸಿರು ಕ್ರಾಂತಿಯ ಹಿಂದೆಯೂ ಇದೇ ಇದೆ. ಹಳೆಯ ಗೋಧಿ, ಭತ್ತಗಳಿಗೆ ಸಾರಜನಕ ಹೆಚ್ಚು ಕೊಟ್ಟರೆ ಎತ್ತರ ಬೆಳೆದು ಮಗುಚಿ ಬೀಳುತ್ತಿದ್ದವು. ಜಪಾನಿನ ನೋರಿನ್-10 ಎಂಬ ಗಿಡ್ಡ ಗೋಧಿ 1946ರಲ್ಲಿ ಅಮೆರಿಕಕ್ಕೆ ಹೋಗಿ, ಅಲ್ಲಿಂದ ಮೆಕ್ಸಿಕೋದಲ್ಲಿ ಕೆಲಸ ಮಾಡುತ್ತಿದ್ದ ತಳಿವಿಜ್ಞಾನಿ ಬೋರ್ಲಾಗ್ ಕೈ ಸೇರಿ, ಆ ವಂಶದ ತಳಿಗಳು 1960ರ ದಶಕದಲ್ಲಿ ನಮ್ಮ ಹೊಲಗಳಿಗೆ ಬಂದವು. ಭತ್ತದಲ್ಲಿ ಐಆರ್-8 ಬಂತು. ಅದರ ಗಿಡ್ಡತನ ತೈವಾನಿನ ಡೀ-ಜಿಯೊ-ವೂ-ಜೆನ್ ತಳಿಯದು. ಹೊರನೋಟಕ್ಕೆ ಎರಡೂ ಗಿಡ್ಡ, ಒಳಗಿನ ಕಾರಣ ಬೇರೆ. ಐಆರ್-8ರಲ್ಲಿ ಜಿಬ್ಬರೆಲಿನ್ ತಯಾರಾಗುವುದೇ ಕಡಿಮೆ. ಹೊರಗಿನಿಂದ ಸಿಂಪಡಿಸಿದರೆ ಅದು ಎತ್ತರ ಬೆಳೆಯುತ್ತದೆ. ಗಿಡ್ಡ ಗೋಧಿಯಲ್ಲಿ ಹಾರ್ಮೋನಿಗೆ ಕೊರತೆಯಿಲ್ಲ. ಡೆಲ್ಲಾ ಎಂಬ ಕಾವಲು ಪ್ರೋಟೀನು ಮಾರ್ಪಟ್ಟು, ಜಿಬ್ಬರೆಲಿನ್ ಬಂದರೂ ನಾಶವಾಗದೆ ನಿಂತುಬಿಟ್ಟಿದೆ. ಎಷ್ಟು ಸಿಂಪಡಿಸಿದರೂ ಅದು ಜಗ್ಗುವುದಿಲ್ಲ. ಈ ಕಾರಣಗಳು ತಿಳಿದದ್ದು 1999 ಮತ್ತು 2002ರಲ್ಲಿ, ಕೋಟ್ಯಂತರ ಜನ ಆ ಧಾನ್ಯ ಉಂಡು ದಶಕಗಳಾದ ಮೇಲೆ. ಭತ್ತವನ್ನು ಎತ್ತರ ಮಾಡುವ ಹಾರ್ಮೋನಿನ ಸುಳಿವು, ಆ ಎತ್ತರವನ್ನು ತಗ್ಗಿಸಿದ ತಳಿ, ಎರಡನ್ನೂ ಕೊಟ್ಟದ್ದು ತೈವಾನ್ ಎಂಬ ಒಂದೇ ದ್ವೀಪ.

ವಿಜಯಪುರ, ಬಾಗಲಕೋಟೆ ಕಡೆಯ ದ್ರಾಕ್ಷಿ ತೋಟದಲ್ಲಿ ಜಿಎ ವರ್ಷವಿಡೀ ಲೆಕ್ಕಕ್ಕೆ ಬರುತ್ತದೆ. ಥಾಮ್ಸನ್ ಸೀಡ್‌ಲೆಸ್ ಮತ್ತು ಅದರ ವಂಶದ ತಳಿಗಳಲ್ಲಿ ಬೀಜ ಕಟ್ಟಲು ಶುರುವಾಗಿ ನಡುವೆಯೇ ಸತ್ತುಹೋಗುತ್ತದೆ. ಹಣ್ಣಿನ ಗಾತ್ರಕ್ಕೆ ಬೇಕಾದ ಹಾರ್ಮೋನು ಬಹುಪಾಲು ಬರುವುದು ಬೀಜದಿಂದ. ಬೀಜವಿಲ್ಲದ ಮೇಲೆ ಮಣಿ ಸಣ್ಣದಾಗಿಯೇ ಉಳಿಯುತ್ತದೆ. ಆ ಕೊರತೆ ತುಂಬಲು ಜಿಎ-3. ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವಿಕೆಯ) ನಂತರ ಗೊಂಚಲು ಮೂಡಿದಾಗ 10 ಪಿಪಿಎಂ ಆಸುಪಾಸು ಸಿಂಪಡಿಸಿದರೆ ಗೊಂಚಲಿನ ದಂಟು ಉದ್ದವಾಗಿ ಮಣಿಗಳ ನಡುವೆ ಜಾಗ ಬಿಡುತ್ತದೆ. ಹೂ ಬಿಟ್ಟಾಗ ಕೊಟ್ಟರೆ ಕೆಲವು ಹೂ ಉದುರಿ ಗೊಂಚಲು ತೆಳುವಾಗುತ್ತದೆ. ಮಣಿ ಮೂರು ನಾಲ್ಕು ಮಿಲಿಮೀಟರ್ ಆದ ಮೇಲೆ 40 ಪಿಪಿಎಂ ಆಸುಪಾಸಿನ ದ್ರಾವಣದಲ್ಲಿ ಒಂದೊಂದೇ ಗೊಂಚಲನ್ನು ಅದ್ದಿದರೆ, ಅದೇ ಡಿಪ್ಪಿಂಗ್, ಮಣಿ ಹಿಗ್ಗುತ್ತದೆ. ಅದೇ ಪುಡಿ, ಅದೇ ಬಳ್ಳಿ. ಎರಡು ಮೂರು ವಾರಗಳ ಅಂತರದಲ್ಲಿ ಮೂರು ಬೇರೆ ಬೇರೆ ಫಲ. 40 ಪಿಪಿಎಂ ಎಂದರೆ 25 ಲೀಟರ್ ನೀರಿಗೆ ಒಂದು ಗ್ರಾಂ. ಮಿತಿ ಮೀರಿದರೆ ತೊಟ್ಟು ದಪ್ಪವಾಗಿ ಬಿರುಸಾಗುತ್ತದೆ, ಪೆಟ್ಟಿಗೆಯಲ್ಲಿ ಮಣಿ ಉದುರುತ್ತದೆ.

ಪುಡಿ ನೀರಿನಲ್ಲಿ ನೇರ ಕರಗದು. ಮೊದಲು ಸ್ಪಿರಿಟ್‌ನಲ್ಲೋ ಅಸಿಟೋನ್‌ನಲ್ಲೋ ಕರಗಿಸಬೇಕು ಎಂಬುದು ಬೆಳೆಗಾರರಿಗೆ ಗೊತ್ತು. ಆದರೆ ಜಿಎ ಕೂಡ ದುರ್ಬಲ ಆಮ್ಲ ಎಂಬುದು ಹಲವರಿಗೆ ಗೊತ್ತಿಲ್ಲ. ಆಕ್ಸಿನ್‌ನ ದುರ್ಬಲ ಆಮ್ಲದ ಗುಣದ ಬಗ್ಗೆ ಹೇಳಿದ್ದು ಇದಕ್ಕೂ ಸಲ್ಲುತ್ತದೆ. ಕ್ಷಾರ ಹೆಚ್ಚಿರುವ ಬೋರ್‌ವೆಲ್ ನೀರಿನಲ್ಲಿ ಕಲಸಿದರೆ ಅಣು ಅಯಾನಾಗಿ ಸಿಪ್ಪೆಯ ಮೇಣವನ್ನು ದಾಟಲಾರದು. ಹೊತ್ತು ಕಳೆದಂತೆ ಕೆಡುತ್ತದೆ ಕೂಡ. ನೀರಿಗೆ ಸ್ವಲ್ಪ ಸಿಟ್ರಿಕ್ ಆಮ್ಲವನ್ನೋ ಫಾಸ್ಫಾರಿಕ್ ಆಮ್ಲವನ್ನೋ ಸೇರಿಸಿ ರಸಸಾರವನ್ನು 6ರ ಹತ್ತಿರ ಇಳಿಸಿಕೊಂಡರೆ ಅದೇ ಒಂದು ಗ್ರಾಂ ಚೆನ್ನಾಗಿ ಒಳಸೇರುತ್ತದೆ. ಕೆಲಸ ಆಗಲಿಲ್ಲ ಎಂದು ಪುಡಿ ಹೆಚ್ಚಿಸುವ ಮೊದಲು ನೀರನ್ನು ಪರೀಕ್ಷಿಸಿ.

ಈಗ ಏಪ್ರಿಲ್ ಚಾಟ್ನಿಯ ನಂತರದ ದಿನಗಳಿಗೆ ಬನ್ನಿ. ಮುಂದಿನ ಹಂಗಾಮಿನ ಗೊಂಚಲು ಕಣ್ಣಿನೊಳಗೆ ರೂಪುಗೊಳ್ಳುವುದು ಆಗಲೇ. ಮೊದಲು ಅಲ್ಲಿ ಹುಟ್ಟುವುದು ಯಾವ ದಾರಿಯನ್ನಾದರೂ ಹಿಡಿಯಬಹುದಾದ ಒಂದು ಸಣ್ಣ ಮುದ್ದೆ. ಜಿಬ್ಬರೆಲಿನ್ ಮೇಲುಗೈಯಾದರೆ ಅದು ಬಳ್ಳಿ ಹಬ್ಬಿಸುವ ಕುಡಿಬಳ್ಳಿಯಾಗುತ್ತದೆ, ಸೈಟೊಕೈನಿನ್ ಎಂಬ ಇನ್ನೊಂದು ಹಾರ್ಮೋನು ಮೇಲುಗೈಯಾದರೆ ಹೂಗೊಂಚಲಾಗುತ್ತದೆ. 1970ರ ದಶಕದ ಕೊನೆಯಲ್ಲಿ ಶ್ರೀನಿವಾಸನ್ ಮತ್ತು ಮಲ್ಲಿನ್ಸ್ ಇದನ್ನು ಪ್ರಯೋಗದಲ್ಲಿ ತೋರಿಸಿದರು. ಬೆಳೆಗಾರರು ಆಗ ಸಿಂಪಡಿಸುವ ಸಿಸಿಸಿ, ಅಂದರೆ ಕ್ಲೋರ್‌ಮೆಕ್ವಾಟ್, ಬಳ್ಳಿಯೊಳಗೆ ಜಿಬ್ಬರೆಲಿನ್ ತಯಾರಾಗುವುದನ್ನೇ ತಡೆಯುವ ವಸ್ತು. ಅದರ ಜೊತೆ ಕೊಡುವ 6-ಬಿಎ ಒಂದು ಸೈಟೊಕೈನಿನ್. ಬೇಸಗೆಯಲ್ಲಿ ಯಾವ ಹಾರ್ಮೋನನ್ನು ಹತ್ತಿಕ್ಕಲು ದುಡ್ಡು ಕೊಡುತ್ತೇವೋ, ಚಳಿಗಾಲದಲ್ಲಿ ಅದನ್ನೇ ಹಾಕಲು ದುಡ್ಡು ಕೊಡುತ್ತೇವೆ. ಎರಡೂ ಸರಿಯಾದ ಖರ್ಚೇ. ಆದರೆ ಈ ಎರಡನ್ನೂ 'ಟಾನಿಕ್' ಎಂಬ ಒಂದೇ ಚೀಲಕ್ಕೆ ತುಂಬಿದ ರೈತ ತಿಂಗಳು ತಪ್ಪಿ ಹೊಡೆದರೆ ಒಂದು ವರ್ಷದ ಫಸಲನ್ನೇ ಕಳೆದುಕೊಳ್ಳುತ್ತಾನೆ.

ಮಾವಿಗೆ ಹಾಕುವ ಪ್ಯಾಕ್ಲೊಬ್ಯುಟ್ರಜೋಲ್ ಕೂಡ ಜಿಬ್ಬರೆಲಿನ್ ತಯಾರಿಕೆಗೆ ಅಡ್ಡಬರುವ ವಸ್ತು. ವರ್ಷ ಬಿಟ್ಟು ವರ್ಷ ಕಾಯಿ ಬಿಡುವ ಆಪೂಸು ಅದರಿಂದ ಪ್ರತಿ ವರ್ಷ ಹೂ ಬಿಟ್ಟೀತು. ಅದು ಮಣ್ಣಿನಲ್ಲಿ ಬಹುಕಾಲ ಉಳಿಯುವ ರಾಸಾಯನಿಕ. ಎಳೆಯ ಮರಕ್ಕೆ, ಸೊರಗಿದ ಮರಕ್ಕೆ ಹಾಕುವುದು ಬೇಡ. ಬರಿದಾದ ಕೆರೆಯ ತೂಬು ಎತ್ತಿದಂತಾಗುತ್ತದೆ.

* * *

ಮುಂದಿನ ಹಾರ್ಮೋನು ಎಥಿಲೀನ್, ಅದೊಂದು ಅನಿಲ. ಎರಡು ಇಂಗಾಲ, ನಾಲ್ಕು ಜಲಜನಕ; ಪ್ಲಾಸ್ಟಿಕ್ ಚೀಲ ಮಾಡುವುದೂ ಇದೇ ಅಣುಗಳನ್ನು ಸರಪಳಿ ಕಟ್ಟಿ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಬೀದಿದೀಪದ ಅನಿಲ ಕೊಳವೆ ಸೋರಿದಲ್ಲೆಲ್ಲ ಮರಗಳು ಎಲೆ ಉದುರಿಸುತ್ತಿದ್ದವು. ಸೇಂಟ್ ಪೀಟರ್ಸ್‌ಬರ್ಗಿನ ನೆಲ್ಯೂಬೊವ್ ತನ್ನ ಪ್ರಯೋಗಾಲಯದಲ್ಲಿ ಬಟಾಣಿ ಮೊಳಕೆ ಗಿಡ್ಡವಾಗಿ, ದಪ್ಪಗಾಗಿ, ಅಡ್ಡಡ್ಡ ಬೆಳೆಯುವುದನ್ನೂ ಹೊರಗಿನ ಗಾಳಿಯಲ್ಲಿ ನೆಟ್ಟಗೆ ಬೆಳೆಯುವುದನ್ನೂ ಕಂಡ. ದೀಪದ ಅನಿಲದಲ್ಲಿದ್ದ ಎಥಿಲೀನೇ ಕಾರಣ ಎಂದು 1901ರಲ್ಲಿ ತೋರಿಸಿದ. ಗಿಡವೂ ತಾನಾಗಿ ಅದನ್ನು ಸೂಸುತ್ತದೆ ಎಂದು 1934ರಲ್ಲಿ ಇಂಗ್ಲೆಂಡಿನ ಗೇನ್ ಸೇಬಿನಿಂದ ಸಾಬೀತು ಮಾಡಿದ.

ನಮ್ಮ ಹಿರಿಯರು ಮಾವಿನಕಾಯಿಯನ್ನು ಹುಲ್ಲಿನಲ್ಲಿ ಅಡೆ ಹಾಕುತ್ತಿದ್ದರು, ಬಾಳೆಗೊನೆಗೆ ಹೊಗೆ ಕೊಡುತ್ತಿದ್ದರು. ಹೊಗೆಯಲ್ಲಿ ಎಥಿಲೀನ್ ಇದೆ. ಅಡೆಯಲ್ಲಿ ಹಣ್ಣೇ ಬಿಟ್ಟ ಎಥಿಲೀನ್ ಸುತ್ತಲೇ ನಿಂತು, ಉಳಿದ ಹಣ್ಣುಗಳಿಗೂ ಮುಟ್ಟಿ, ಅವೂ ಇನ್ನಷ್ಟು ಎಥಿಲೀನ್ ಬಿಡುವಂತೆ ಮಾಡುತ್ತದೆ. ಗಿಡ ಇದನ್ನು ಮಿಥಿಯೋನಿನ್ ಎಂಬ ಅಮೈನೋ ಆಮ್ಲದಿಂದ, ಎಸಿಸಿ ಎಂಬ ಮಧ್ಯದ ವಸ್ತುವಿನ ಮೂಲಕ ಮಾಡುತ್ತದೆ. ಶಾಂಗ್ ಫಾ ಯಾಂಗ್ ಬಿಡಿಸಿದ ದಾರಿ ಇದು. ಕೊನೆಯ ಹೆಜ್ಜೆಗೆ ಆಮ್ಲಜನಕ ಬೇಕೇ ಬೇಕು. ಆ ಹೆಜ್ಜೆಯಲ್ಲಿ ಎಥಿಲೀನ್ ಜೊತೆ ಹುಟ್ಟುವ ಇನ್ನೊಂದು ವಸ್ತು ಸಯನೈಡ್! ಅದನ್ನು ಕ್ಷಣವೂ ಬಿಡದೆ ನಿರಪಾಯ ವಸ್ತುವಾಗಿ ಮಾರ್ಪಡಿಸುವ ಕಿಣ್ವ ಹಣ್ಣಿನಲ್ಲೇ ಇದೆ, ಹೆದರಬೇಡಿ.

ಹೆದರಬೇಕಾದದ್ದು ಕ್ಯಾಲ್ಸಿಯಂ ಕಾರ್ಬೈಡ್‌ಗೆ. ತೇವ ತಾಗಿದರೆ ಅದು ಅಸಿಟಲೀನ್ ಬಿಡುತ್ತದೆ. ಅಸಿಟಲೀನ್ ಎಥಿಲೀನನ್ನು ಅರೆಬರೆ ಅನುಕರಿಸುತ್ತದೆ, ಅದಕ್ಕಿಂತ ಬಹುಪಟ್ಟು ಹೆಚ್ಚು ಬೇಕಾಗುತ್ತದೆ. ಕೈಗಾರಿಕೆಯ ಕಾರ್ಬೈಡ್‌ನಲ್ಲಿ ಆರ್ಸೆನಿಕ್, ರಂಜಕದ ಕಲ್ಮಶ ಇರುತ್ತವೆ. ಆಹಾರ ಸುರಕ್ಷತೆಯ 2011ರ ನಿಯಮಗಳ ಪ್ರಕಾರ ಇದರಿಂದ ಹಣ್ಣು ಮಾಡುವುದು ನಿಷಿದ್ಧ. 2016ರಲ್ಲಿ ಎಥಿಲೀನ್ ಅನಿಲಕ್ಕೆ 100 ಪಿಪಿಎಂ ವರೆಗೆ ಒಪ್ಪಿಗೆ ಸಿಕ್ಕಿದೆ. ಹಣ್ಣು ಮಾಡುವ ಕೋಣೆಯಲ್ಲಿ ಆ ಅನಿಲ ಹರಿಸುವುದನ್ನು 'ಕೆಮಿಕಲ್ ಹಾಕಿದರು' ಎಂದು ಕಾರ್ಬೈಡ್ ಜೊತೆ ಸೇರಿಸಿ ಬೈಯುವುದು ಅನ್ಯಾಯ. ಬಾಳೆ ತಾನೇ ಮಾಡಿಕೊಳ್ಳುವ ಅಣು ಅದು.

ಹೊಲದಲ್ಲಿ ಅನಿಲ ಸಿಂಪಡಿಸಲಾಗದು. ಅದಕ್ಕೆ ಎಥೆಫಾನ್ ಇದೆ, ಎಥ್ರೆಲ್ ಎಂಬ ಹೆಸರಿನಲ್ಲಿ ನಿಮಗೆ ಗೊತ್ತು. ಇದು ಹುಳಿ ದ್ರಾವಣದಲ್ಲಿ ಭದ್ರ. ರಸಸಾರ ಏರಿದರೆ ಒಡೆದು ಎಥಿಲೀನ್ ಬಿಡುತ್ತದೆ. ಗಿಡದೊಳಗೆ ಹೊಕ್ಕ ಮೇಲೆ ಒಡೆಯಲಿ ಎಂಬುದೇ ಉದ್ದೇಶ. ಕ್ಷಾರದ ನೀರಿನಲ್ಲಿ ಕಲಸಿ ಗಂಟೆಗಟ್ಟಲೆ ಇಟ್ಟರೆ ಅನಿಲ ಟ್ಯಾಂಕಿನಲ್ಲೇ ಹಾರಿಹೋಗುತ್ತದೆ. ಬನವಾಸಿ ಕಡೆಯ ಅನಾನಸ್‌ಗೆ ಹೂ ಒಟ್ಟಿಗೆ ಬರಲಿ ಎಂದು ಗಿಡದ ಸುಳಿಗೆ ಹೊಯ್ಯುವ ದ್ರಾವಣದ ಶಿಫಾರಸು ನೋಡಿ: 25 ಪಿಪಿಎಂ ಎಥೆಫಾನ್, ಶೇ. 2 ಯೂರಿಯಾ, ಜೊತೆಗೆ ಚಿಟಿಕೆಯಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್. ಆ ಸುಣ್ಣದ ಪುಡಿ ರಸಸಾರ ಏರಿಸಿ ಸುಳಿಯಲ್ಲೇ ಅನಿಲ ಬಿಡುಗಡೆಯಾಗಲು ಸಹಾಯ ಮಾಡುತ್ತದೆ. ಹಾಗಾಗಿ ಕಲಸಿದ ಕೂಡಲೇ ಹೊಯ್ಯಬೇಕು. ಅದೇ ಎಥೆಫಾನ್ ದಾಳಿಂಬೆಯಲ್ಲಿ ಚಾಟ್ನಿಗೆ ಮುಂಚೆ ಎಲೆ ಉದುರಿಸುತ್ತದೆ, ರಬ್ಬರಿನಲ್ಲಿ ಹಾಲು ಹೆಚ್ಚಿಸುತ್ತದೆ. ಅನಾನಸ್‌ಗೆ ಹೂ, ದಾಳಿಂಬೆಗೆ ಎಲೆ ಉದುರು, ಬಾಳೆಗೆ ಹಣ್ಣು. ಸುದ್ದಿ ಒಂದೇ, ಕೇಳಿದವರು ಬೇರೆ.

* * *

ಸೈಟೊಕೈನಿನ್ ಬಗ್ಗೆ ಎರಡು ಮಾತು. 1941ರಲ್ಲಿ ವಾನ್ ಓವರ್‌ಬೀಕ್ ಬಾಟಲಿಯಲ್ಲಿ ಗಿಡದ ಎಳೆಯ ಭ್ರೂಣ ಬೆಳೆಸಲು ತೆಂಗಿನ ನೀರು ಬಳಸಿ ಗೆದ್ದ. 1955ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮೀನಿನ ವೀರ್ಯದ ಡಿಎನ್‌ಎಯನ್ನು ಬೇಯಿಸಿದಾಗ ಸಿಕ್ಕ ಕೈನೆಟಿನ್ ಕೋಶಗಳನ್ನು ವಿಭಜಿಸಿತು; 1963ರಲ್ಲಿ ಎಳೆಯ ಮೆಕ್ಕೆಜೋಳದಿಂದ ಝಿಯಾಟಿನ್ ಸಿಕ್ಕಿತು. ಇವೆಲ್ಲದರ ಹಿಂದೆ ಇದ್ದದ್ದು ಸೈಟೊಕೈನಿನ್ ಬಳಗ. ಸ್ಕೂಗ್ ಮತ್ತು ಮಿಲ್ಲರ್ 1957ರಲ್ಲಿ ತೋರಿಸಿದ್ದು ಇನ್ನೂ ದೊಡ್ಡದು: ಹೊಗೆಸೊಪ್ಪಿನ ಅಂಗಾಂಶಕ್ಕೆ ಆಕ್ಸಿನ್ ಪಾಲು ಹೆಚ್ಚಿಟ್ಟರೆ ಬೇರು, ಸೈಟೊಕೈನಿನ್ ಪಾಲು ಹೆಚ್ಚಿಟ್ಟರೆ ಚಿಗುರು. ನೀವು ನೆಡುವ ಜಿ-9 ಬಾಳೆಯ ಅಂಗಾಂಶ ಸಸಿ ಈ ಅನುಪಾತದ ಕೂಸು.

ಅಬ್ಸಿಸಿಕ್ ಆಮ್ಲ ಬರಗಾಲದ ಹಾರ್ಮೋನು. ನೀರು ಸಾಲದಾದಾಗ ಎಲೆಯ ರಂಧ್ರಗಳನ್ನು ಮುಚ್ಚಿಸುತ್ತದೆ, ಬಲಿತ ಬೀಜ ತಾಯಿಯ ಮೇಲೆಯೇ ಮೊಳೆಯದಂತೆ ಅದನ್ನು ನಿದ್ರೆಯಲ್ಲಿಡುತ್ತದೆ. ಚಳ್ಳಕೆರೆ ಸೀಮೆಯ ಹಳೆಯ ಟಿಎಂವಿ-2 ಶೇಂಗಾದ ಬೀಜಕ್ಕೆ ಈ ನಿದ್ರೆಯಿಲ್ಲ. ಕೀಳುವ ಹೊತ್ತಿಗೆ ಮಳೆ ಹಿಡಿದರೆ ಕಾಯಿಯೊಳಗೇ ಮೊಳಕೆ. ಬ್ರಾಸಿನೊಸ್ಟೀರಾಯ್ಡ್, ಸ್ಟ್ರೈಗೊಲ್ಯಾಕ್ಟೋನ್, ಜಾಸ್ಮೋನೇಟ್ ಇವೆಲ್ಲ ಇನ್ನೊಂದು ಉಪನ್ಯಾಸಕ್ಕೆ ಆಗುವಷ್ಟಿವೆ. ಬ್ರಾಸಿನೊಲೈಡ್ ಬಗ್ಗೆ ಒಂದೇ ಸಂಗತಿ: 1979ರಲ್ಲಿ ಜೇನುನೊಣಗಳು ತಂದ 227 ಕಿಲೋ ಪರಾಗದಿಂದ ಸಿಕ್ಕಿದ್ದು 4 ಮಿಲಿಗ್ರಾಂ.

ಕೊನೆಗೆ ಅಂಗಡಿಯ ಕಪಾಟಿಗೆ ಬರೋಣ. ಜಿಎ, ಎನ್‌ಎಎ, ಎಥೆಫಾನ್, ಸಿಸಿಸಿ, ಪ್ಯಾಕ್ಲೊಬ್ಯುಟ್ರಜೋಲ್ ಇವೆಲ್ಲ ನಮ್ಮ ದೇಶದಲ್ಲಿ 1968ರ ಕೀಟನಾಶಕ ಕಾಯ್ದೆಯ ಅಡಿ ನೋಂದಣಿಯಾಗಬೇಕಾದ ವಸ್ತುಗಳು. ಲೇಬಲ್ಲಿನಲ್ಲಿ ಅಣುವಿನ ಹೆಸರು, ಶೇಕಡಾವಾರು ಪ್ರಮಾಣ, ನೋಂದಣಿ ಸಂಖ್ಯೆ ಇರಲೇಬೇಕು. ಕಡಲಪಾಚಿಯ ಸಾರ, ಅಮೈನೋ ಆಮ್ಲದಂಥ ಜೈವಿಕ ಉತ್ತೇಜಕಗಳನ್ನು 2021ರ ಫೆಬ್ರವರಿಯಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ಅಡಿ ತರಲಾಗಿದೆ. ಈ ಎರಡರಲ್ಲಿ ಯಾವುದಕ್ಕೂ ಸೇರದೆ, ಹೂವಿನ ಚಿತ್ರವನ್ನಷ್ಟೇ ಅಂಟಿಸಿಕೊಂಡ ಬಾಟಲಿಯನ್ನು ಯಾರು ಎಷ್ಟೇ ಹೊಗಳಲಿ, ಕೊಳ್ಳಬೇಡಿ. ಕೊಳ್ಳುವ ಮುಂಚೆ ಅಂಗಡಿಯವರನ್ನು ಕೇಳಿ: ಇದರಲ್ಲಿರುವ ಅಣು ಯಾವುದು? ಎಷ್ಟು ಪಿಪಿಎಂ? ಬೆಳೆಯ ಯಾವ ಹಂತಕ್ಕೆ? ನೀರಿನ ರಸಸಾರ ಎಷ್ಟಿರಬೇಕು?

ಇಲ್ಲಿರುವ ವಿಶ್ವವಿದ್ಯಾಲಯದ ಮಿತ್ರರಲ್ಲಿ ಒಂದು ಕೋರಿಕೆ. ಲೇಬಲ್ಲಿನ ಅಕ್ಷರ ಅನೇಕ ಸಲ ಭೂತಗನ್ನಡಿ ಹಿಡಿದರೂ ಓದಲಾಗದಷ್ಟು ಸಣ್ಣದು. ಒಂದೊಂದು ಬೆಳೆಗೂ ಒಂದೊಂದು ಹಾಳೆಯಲ್ಲಿ, ಯಾವ ಹಂತಕ್ಕೆ ಯಾವ ಅಣು, ಎಷ್ಟು ಲೀಟರಿಗೆ ಎಷ್ಟು ಗ್ರಾಂ, ಯಾವಾಗ ಹಾಕಲೇಬಾರದು ಎಂಬುದನ್ನು ದಪ್ಪಕ್ಷರದ ಕನ್ನಡದಲ್ಲಿ ಅಚ್ಚು ಹಾಕಿಸಿ ರೈತ ಸಂಪರ್ಕ ಕೇಂದ್ರಗಳ ಗೋಡೆಗೆ ಹಚ್ಚಿ. ದ್ರಾಕ್ಷಿಯಿಂದ ಶುರು ಮಾಡುವುದಾದರೆ ಏಪ್ರಿಲ್ ಚಾಟ್ನಿಗೆ ಮುಂಚೆಯೇ ಆ ಹಾಳೆ ವಿಜಯಪುರ ಮುಟ್ಟಲಿ. ಕರಡು ಬರೆದುಕೊಡುವ ಕೆಲಸಕ್ಕೆ ನಾನು ಸಿದ್ಧನಿದ್ದೇನೆ.